ಖಳನಾಯಕನಿಗೆ ಕೊಟ್ಟ ಬಳೆಗಳು

ಶಾಬಾನ್ ತಿಂಗಳ ಕೊನೆಯ ವಾರ. ರಮಝಾನ್ ಬರುವುದರೊಳಗೆ ಮನೆ ತೊಳೆದು, ಸುಣ್ಣ ಬಳಿದು, ಪಾತ್ರೆಗಳನ್ನು ಬೆಳಗಿ ಇಡುವುದು ನಮ್ಮ ಚಾಮರಾಜಪೇಟೆಯ ಗಲ್ಲಿಗಳಲ್ಲಿ ಎಲ್ಲ ಮನೆಗಳ ರೂಢಿ. ಮಗನ ಹಾಸಿಗೆ ಕೊಡವುತ್ತಿದ್ದೆ. ದಿಂಬಿನ ಕೆಳಗಿಂದ ಒಂದು ದಪ್ಪ ನೋಟ್‌ಬುಕ್ ಜಾರಿ ಬಿತ್ತು. ಪಿಯುಸಿ ಓದುವ ಹುಡುಗನ ನೋಟ್‌ಬುಕ್ ದಿಂಬಿನ ಕೆಳಗೆ ಸಿಕ್ಕಿದರೆ ಯಾವ ತಾಯಿ ತಾನೇ ತೆರೆಯದೆ ಇಡುತ್ತಾಳೆ? ನಾನೂ ತೆರೆದೆ.

ಪ್ರೇಮಪತ್ರ ಇದ್ದಿದ್ದರೆ ವಾಸಿಯಿತ್ತು. ಮೊದಲ ಪುಟದಲ್ಲಿ ಕೊಂಬಿನ ಕಿರೀಟ ತೊಟ್ಟ ಒಬ್ಬನ ಚಿತ್ರ. ಅದರ ಕೆಳಗೆ ಅವನಿಗೆ ಬರುವ ವಿದ್ಯೆಗಳ ಪಟ್ಟಿ: ಸತ್ತವರನ್ನು ಎಬ್ಬಿಸುವುದು, ಒಂದೇ ಮಾತಿನಿಂದ ಕೊಲ್ಲುವುದು, ಇನ್ನೊಬ್ಬರ ಮನಸ್ಸನ್ನು ವಶಮಾಡಿಕೊಳ್ಳುವುದು. ಪ್ರತಿಯೊಂದರ ಮುಂದೆ ಒಂದೊಂದು ಅಂಕೆ. ನಾನು ಹೆಣ್ಣುಮಕ್ಕಳ ಮದ್ರಸದಲ್ಲಿ ಪಾಠ ಹೇಳುವವಳು. ಮನುಷ್ಯನನ್ನು ನಾಶಮಾಡುವ ಏಳು ಮಹಾಪಾಪಗಳನ್ನು ಎಣಿಸುವಾಗ ಪ್ರವಾದಿ(ಸ)ಯವರು ಶಿರ್ಕ್‌ನ ನಂತರ ಮಾಟವನ್ನೇ ಹೆಸರಿಸಿದ್ದಾರೆಂದು ವರ್ಷ ವರ್ಷವೂ ಮಕ್ಕಳಿಗೆ ಕಲಿಸುತ್ತೇನೆ. ಆ ಮಾಟದ ಪಟ್ಟಿ ನನ್ನ ಮನೆಯ ದಿಂಬಿನ ಕೆಳಗೆ, ನನ್ನ ಮಗನ ಕೈಬರಹದಲ್ಲಿ ಇತ್ತು. ಪೊರಕೆ ಕೈಯಲ್ಲೇ ಹಿಡಿದು ಮಂಚದ ಮೇಲೆ ಕುಳಿತುಬಿಟ್ಟೆ.

ಸಂಜೆ ಮಗ ಬಂದ. ನೋಟ್‌ಬುಕ್ ಮೇಜಿನ ಮೇಲಿತ್ತು. ಅವನು ಹೆದರಲಿಲ್ಲ, ನಕ್ಕುಬಿಟ್ಟ. “ಅಮ್ಮಿ, ಇದು ಆಟ. ಭಾನುವಾರ ಬಸವನಗುಡಿಯಲ್ಲಿ ಫ್ರೆಂಡ್ ಮನೆಗೆ ಹೋಗ್ತೀನಲ್ಲ, ಅಲ್ಲಿ ಆಡೋದು” ಎಂದ. ಗ್ರೂಪ್ ಸ್ಟಡಿ ಎಂದು ಹೇಳಿ ಹೋಗುತ್ತಿದ್ದದ್ದು ಇದಕ್ಕೆ. ಆ ಸುಳ್ಳಿಗೆ ಬೈದೆ. ಬೈದಾದ ಮೇಲೆ ಕೇಳಿದೆ, ಇದೆಂಥ ಆಟ?

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂದು ಹೆಸರಂತೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ಆಟ. ಇದರಲ್ಲಿ ಕಂಪ್ಯೂಟರ್ ಇಲ್ಲ, ಟಿ.ವಿ. ಇಲ್ಲ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಪಾತ್ರವಾಗಿ, ‘ನಾನು ಈಗ ಬಾಗಿಲು ತೆರೆಯುತ್ತೇನೆ’, ‘ನಾನು ಓಡುತ್ತೇನೆ’ ಎಂದು ಹೇಳುತ್ತಾ ಹೋಗುತ್ತಾರೆ. ಬಾಗಿಲು ತೆರೆಯಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಒಂದೇ ಕಥೆ ನಡೆಯುತ್ತದೆ. ನನ್ನ ಮಗನೇ ಕಥೆ ಹೇಳುವವನು. ಕಥೆಯಲ್ಲಿ ಬರುವ ರಾಕ್ಷಸರು, ಮಾಟಗಾರರು, ಅಂಗಡಿಯವರು, ಮುದುಕಿಯರು ಎಲ್ಲರೂ ಅವನೇ. 1980ರ ದಶಕದಲ್ಲಿ ಅಮೆರಿಕದ ಅನೇಕ ಕ್ರೈಸ್ತ ತಂದೆತಾಯಂದಿರೂ ಇದನ್ನು ಸೈತಾನನ ಆಟವೆಂದು ಹೆದರಿ ಗದ್ದಲ ಎಬ್ಬಿಸಿದ್ದರಂತೆ. “ನೀವೊಬ್ಬರೇ ಅಲ್ಲ ಅಮ್ಮಿ” ಎಂದು ನನಗೆ ಸಮಾಧಾನ ಹೇಳಿದ!

ಎರಡು ದಿನ ಯೋಚಿಸಿದೆ. ಮಾಟ ಕಲಿಯುವುದು ಬೇರೆ, ಮಾಟಗಾರನ ಕಥೆ ಹೇಳುವುದು ಬೇರೆ. ಕಥೆಯನ್ನೇ ಬೇಡವೆಂದರೆ ನನ್ನ ನಾನಾರ ಬಾಯಿಂದ ಕೇಳಿದ್ದೆಲ್ಲವನ್ನೂ ತೊಳೆದು ಹಾಕಬೇಕಾಗುತ್ತದೆ. ಆದರೆ ಷರತ್ತು ಹಾಕಿದೆ. ಪ್ರವಾದಿಗಳ ಹೆಸರಾಗಲಿ, ಕುರ್‌ಆನಿನ ಮಾತುಗಳಾಗಲಿ ಆಟದೊಳಗೆ ಬರಕೂಡದು. ಹಣ ಕಟ್ಟಕೂಡದು. ದಾಳ ಬೇಡ. ದಾಳದಾಟದ ಬಗ್ಗೆ ಹದೀಸ್‌ನಲ್ಲಿ ಎಷ್ಟು ಕಟುವಾದ ಮಾತಿದೆ ಎಂಬುದು ಅವನಿಗೂ ಗೊತ್ತು. ಜೂಜಿಲ್ಲದಿದ್ದರೆ ಏನು ಎಂಬ ವಿಷಯದಲ್ಲಿ ವಿದ್ವಾಂಸರು ಬೇರೆ ಬೇರೆ ಅಭಿಪ್ರಾಯ ಹೇಳಿದ್ದಾರೆ, ಹೆಚ್ಚಿನವರು ಬೇಡವೆಂದೇ ಹೇಳಿದ್ದಾರೆ. ಮಗ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿದ. “ಚೀಟಿಗೂ ದಾಳಕ್ಕೂ ಏನು ವ್ಯತ್ಯಾಸ?” ಎಂದು ಕೇಳಿಯೂ ಕೇಳಿದ. ಒಪ್ಪುವಂಥ ಉತ್ತರ ನನ್ನಲ್ಲಿರಲಿಲ್ಲ. ನನ್ನ ಮನಸ್ಸಿಗೆ ಅಷ್ಟು ಬೇಕಿತ್ತು, ಅಷ್ಟೇ.

ಇದೆಲ್ಲ ಮುಗಿದ ಮೇಲೆ ಅವನ ನಿಜವಾದ ಸಂಕಟ ಹೊರಬಂತು. ಆ ಕೊಂಬಿನ ಕಿರೀಟದವನನ್ನು ಮೂರು ತಿಂಗಳು ಕೂತು ಸೃಷ್ಟಿಸಿದ್ದನಂತೆ. ಬೆಂಕಿಯುಂಡೆ ಎಸೆಯುತ್ತಾನೆ. ಸಾಮಾನ್ಯ ಸಿಪಾಯಿಗಿಂತ ಮೂವತ್ತು ಪಟ್ಟು ಆಯಸ್ಸಿನ ಅಂಕೆ. ಸತ್ತರೂ ಸಾಯದವನು. ತನ್ನ ಆತ್ಮವನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಬಚ್ಚಿಟ್ಟಿದ್ದಾನೆ, ಆಟದ ಪುಸ್ತಕದಲ್ಲಿ ಅಂಥವನಿಗೆ ‘ಲಿಚ್’ ಎನ್ನುತ್ತಾರೆ. (ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಇಟ್ಟ ಮಾಂತ್ರಿಕನ ಕಥೆ ನಮ್ಮಲ್ಲಿ ಯಾವ ಅಜ್ಜಿಗೆ ಗೊತ್ತಿಲ್ಲ?) ಇಷ್ಟೆಲ್ಲ ಮಾಡಿದ ಖಳನಾಯಕನನ್ನು ಗೆಳೆಯರು ಅರ್ಧ ಗಂಟೆಯಲ್ಲಿ ಕೊಂದು, ನಕ್ಕು, ಗಾಂಧಿಬಜಾರಿಗೆ ದೋಸೆ ತಿನ್ನಲು ಹೋಗಿಬಿಟ್ಟರಂತೆ.

“ಯಾರೂ ಹೆದರಲೇ ಇಲ್ಲ ಅಮ್ಮಿ” ಎಂದ. ಕಣ್ಣಲ್ಲಿ ನೀರಿತ್ತು.

ಲೆಕ್ಕ ಕೇಳಿದೆ. ಅವರು ಐದು ಜನ, ಒಂದು ಸುತ್ತಿಗೆ ಐದು ಸಲ ಹೊಡೆಯುತ್ತಾರೆ. ಇವನೊಬ್ಬ, ಒಂದೇ ಸಲ ಹೊಡೆಯುತ್ತಾನೆ. ಎಷ್ಟು ದೊಡ್ಡ ಬೆಂಕಿಯುಂಡೆ ಇದ್ದರೇನು? ಈದ್ ದಿನ ಒಬ್ಬಳೇ ಅಡುಗೆ ಮನೆಯಲ್ಲಿ ನಿಂತು ಇಪ್ಪತ್ತು ಜನ ನೆಂಟರನ್ನು ಸುಧಾರಿಸಿದವಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ನಾನು ಹೇಳಿದೆ: “ನಿನ್ನ ಖಳನಾಯಕ ಬಯಲಿಗೆ ಬಂದು ಯಾಕೆ ನಿಂತ? ಬಲವಂತನಾದವನು ಎದುರಿಗೆ ಬರುವುದೇ ಇಲ್ಲ. ಅವನನ್ನು ತಲುಪುವುದೇ ಕಷ್ಟವಾಗಬೇಕು.” ಅಂದು ರಾತ್ರಿ ಇಶಾ ನಮಾಝ್ ಆದ ಮೇಲೆ ಅಫ್ರಾಸಿಯಾಬನ ಕಥೆ ಹೇಳಿದೆ.

ನಮ್ಮ ನಾನಾ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಮಾಡುತ್ತಿದ್ದರು. ಮೊದಲು ಹತ್ತು ಹಾಳೆ, ಕೊನೆಗೆ ಎಷ್ಟೋ ಹಾಳೆ ಇಲ್ಲದ ‘ತಿಲಿಸ್ಮೆ ಹೋಶ್‌ರುಬಾ’ದ ಒಂದು ಸಂಪುಟ ಅವರ ಪೆಟ್ಟಿಗೆಯಲ್ಲಿತ್ತು. ಅಮೀರ್ ಹಮ್ಝಾ ದಾಸ್ತಾನ್‌ನ ಭಾಗವದು. ಅಕ್ಬರ್ ಬಾದಶಹ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬರೆಸಿದ್ದು ಇದೇ ಹಮ್ಝಾನ ಕಥೆಗಳಿಗೆ. ‘ಹೋಶ್‌ರುಬಾ’ವನ್ನು ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಪ್ರಕಟಿಸತೊಡಗಿತು. ಮೊದಲ ನಾಲ್ಕು ಸಂಪುಟ ಬರೆದವರು ಮುಹಮ್ಮದ್ ಹುಸೈನ್ ಜಾಹ್, ಮುಂದಿನವನ್ನು ಬರೆದವರು ಅಹ್ಮದ್ ಹುಸೈನ್ ಕಮರ್. ಸಾವಿರಾರು ಪುಟಗಳು. ನಾನಾ ಓದಿ, ದಖ್ಖನಿಯಲ್ಲಿ ತಮ್ಮದೂ ಒಂದಿಷ್ಟು ಸೇರಿಸಿ ನಮಗೆ ಹೇಳುತ್ತಿದ್ದರು. ಯಾವುದು ಪುಸ್ತಕದ್ದು, ಯಾವುದು ನಾನಾರದ್ದು ಎಂದು ನನಗೆ ತಿಳಿದದ್ದು ಬಿ.ಎ. ಓದುವಾಗ, ಅದೇ ಪುಸ್ತಕವನ್ನು ನಾನೇ ಕೂತು ಓದಿದ ಮೇಲೆ.

ಅಫ್ರಾಸಿಯಾಬ್ ಮಾಟಗಾರರ ಚಕ್ರವರ್ತಿ. ಆದರೆ ಅವನ ಮುಖ್ಯ ಆಯುಧ ಖಡ್ಗವಲ್ಲ, ಬೆಂಕಿಯೂ ಅಲ್ಲ. ಅವನ ದೇಶವೇ ಅವನ ಆಯುಧ. ತಿಲಿಸ್ಮ್ ಎಂದರೆ ಮಾಟದಿಂದ ಕಟ್ಟಿದ ಲೋಕ. ಅದರಲ್ಲಿ ಮೂರು ಭಾಗ. ಕಣ್ಣಿಗೆ ಕಾಣುವ ‘ಝಾಹಿರ್’, ಕಾಣದ ‘ಬಾತಿನ್’, ಕತ್ತಲೆಯ ‘ಝುಲ್ಮಾತ್’. ಕಾಣುವುದಕ್ಕೂ ಕಾಣದ್ದಕ್ಕೂ ನಡುವೆ ರಕ್ತದ ನದಿ ಹರಿಯುತ್ತದೆ. ಅದನ್ನು ದಾಟದೆ ಅವನ ಹತ್ತಿರ ಹೋಗುವಂತಿಲ್ಲ. ಅವನ ಆಸ್ಥಾನದಲ್ಲಿ ಎಷ್ಟೋ ಮಾಟಗಾರರು, ಮಾಟಗಾರ್ತಿಯರು. ಅವರಲ್ಲಿ ಕೆಲವರು ಅವನನ್ನು ಬಿಟ್ಟು ಬರುತ್ತಾರೆ ಕೂಡ. ಏನು ನಡೆಯುತ್ತಿದೆ ಎಂದು ತಿಳಿಯಲು ಅವನು ಒಂದು ಗ್ರಂಥ ತೆರೆದು ನೋಡುತ್ತಾನೆ. ಅದು ಸುಳ್ಳು ಹೇಳುವುದಿಲ್ಲ. ಆದರೂ ವೇಷ ಮರೆಸಿಕೊಂಡು ಬರುವ ಅಮರ್ ಅಯ್ಯಾರ್‌ನ ಕೈಯಲ್ಲಿ ಮತ್ತೆ ಮತ್ತೆ ಮೋಸ ಹೋಗುತ್ತಾನೆ. ಎಲ್ಲವನ್ನೂ ತಿಳಿಯಬಲ್ಲವನು ಎದುರಿಗಿದ್ದವನನ್ನು ಗುರುತಿಸಲಾರ. ಇಲ್ಲಿಗೆ ಬಂದಾಗ ನಾನಾ ತೊಡೆ ತಟ್ಟಿಕೊಂಡು ನಗುತ್ತಿದ್ದರು.

ಮಗನಿಗೆ ಹಿಡಿಸಿದ ಸಂಗತಿ ಇನ್ನೊಂದು. ತಿಲಿಸ್ಮ್ ಎಷ್ಟೇ ಬಲವಾಗಿದ್ದರೂ ಅದನ್ನು ಮುರಿಯುವ ಉಪಾಯ ಎಲ್ಲೋ ಒಂದು ಫಲಕದ ಮೇಲೆ ಇದ್ದೇ ಇರುತ್ತದೆ. ಮುರಿಯುವವನು ಯಾರೆಂಬುದೂ ಮೊದಲೇ ನಿಶ್ಚಯವಾಗಿರುತ್ತದೆ. ಬೀಗ ಮಾಡಿದವನೇ ಕೀಲಿಯನ್ನೂ ಮಾಡಿಡಬೇಕು, ಇಲ್ಲದಿದ್ದರೆ ಕಥೆ ಕೇಳುವವರಿಗೆ ಮೋಸ. ಬೇತಾಳನ ಕಥೆಯಲ್ಲೂ ಹೀಗೆಯೇ. ವಿಕ್ರಮ ಬಾಯಿಬಿಟ್ಟರೆ ಹೆಣ ಮರಕ್ಕೆ ಹಾರುತ್ತದೆ, ಅದು ಕಟ್ಟಳೆ. ‘ಚಂದಮಾಮ’ದಲ್ಲಿ ಅಷ್ಟು ವರ್ಷ ನಾವು ಅದನ್ನು ಓದಿದೆವು, ಒಂದು ಸಲವೂ ಬೇಸರವಾಗಲಿಲ್ಲ. ಕಟ್ಟಳೆಯಿಲ್ಲದ ಮಾಟಕ್ಕೆ ಯಾರೂ ಹೆದರುವುದಿಲ್ಲ. ಅದಕ್ಕೆ ಏನು ಬೇಕಾದರೂ ಸಾಧ್ಯವಾದರೆ ಕೇಳುವವರು ಯೋಚಿಸುವುದನ್ನೇ ಬಿಟ್ಟುಬಿಡುತ್ತಾರೆ.

“ಹಾಗಾದರೆ ನಿಮಗೆ ನಿಜವಾಗಿ ಹೆದರಿಕೆಯಾದ ಮಾಟ ಯಾವುದು?” ಎಂದ ಮಗ.

ಅವನಿಗೆ ‘ನಾಳೆ ಬಾ’ ಕಥೆ ಹೇಳಿದೆ. 1990ರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಅದು ಮರೆತಿರಲಾರದು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಮನೆ ಮನೆಗೆ ಬರುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂದು ಸುದ್ದಿ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹಿಂದಿರುಗುತ್ತದೆ, ಮಾರನೆಯ ದಿನವೂ ಅದೇ ಬರಹ ಓದುತ್ತದೆ. ನನಗಾಗ ಹನ್ನೆರಡು ವರ್ಷವಿರಬೇಕು. ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲಾ ಆ ಬರಹ ಮೂಡಿತು. ದೆವ್ವಕ್ಕೆ ಉರ್ದು ಬರುತ್ತದೋ ಇಲ್ಲವೋ ಎಂಬ ಅನುಮಾನದಿಂದ ನಾನು ನಮ್ಮ ಹಸಿರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲೇ ಬರೆದೆ. ಬೆಳಿಗ್ಗೆ ಫಜರ್ ನಮಾಝಿಗೆ ಹೊರಟ ನಾನಾ ಅದನ್ನು ನೋಡಿ, ಒದ್ದೆ ಬಟ್ಟೆಯಿಂದ ಒರೆಸಿದರು. ಬೈಯಲಿಲ್ಲ. “ಬೇಟಿ, ಅಕ್ಷರ ಚೆನ್ನಾಗಿದೆ” ಎಂದರು. ನನ್ನನ್ನು ಕೂರಿಸಿಕೊಂಡು ಅಲ್‌ಫಲಕ್, ಅನ್ನಾಸ್ ಎರಡೂ ಅಧ್ಯಾಯ ಓದಿಸಿದರು.

ಆ ದೆವ್ವಕ್ಕೆ ಕೊಂಬಿರಲಿಲ್ಲ, ಬೆಂಕಿಯುಂಡೆ ಇರಲಿಲ್ಲ. ಅದನ್ನು ಯಾರೂ ನೋಡಿರಲೂ ಇಲ್ಲ. ಆದರೂ ಇಡೀ ಊರು ಸೀಮೆಸುಣ್ಣ ಹಿಡಿದುಕೊಂಡಿತು. ಯಾಕೆಂದರೆ ಅದು ಅಮ್ಮಿಯ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆಯುವ ಕೈ ನಮ್ಮದೇ. 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಬಂತಲ್ಲ, ಅದರಲ್ಲೂ ಗೋಡೆಯ ಮೇಲೆ ನಾಳೆ ಬರಲು ಹೇಳುವ ಉಪಾಯವೇ ಇದೆ. ನಮ್ಮ ಗಲ್ಲಿಯ ದೆವ್ವ ಅಷ್ಟು ದೂರ ಹೋಗಿಬಂತು.

ಮಗ ಬರೆದುಕೊಳ್ಳತೊಡಗಿದ. ಆಟದ ಪುಸ್ತಕಗಳಿಂದ ಅವನೂ ಒಂದು ಸಂಗತಿ ಹೇಳಿದ. ಟ್ರೇಸಿ ಹಿಕ್‌ಮನ್ ಎಂಬವರು ಒಮ್ಮೆ ಆಡುವಾಗ ಗುಹೆಯ ಒಂದು ಕೋಣೆಯಲ್ಲಿ ಸುಮ್ಮನೆ ಒಬ್ಬ ರಕ್ತಪಿಶಾಚಿ ಎದುರಾದನಂತೆ. ಇವನು ಇಲ್ಲಿ ಯಾಕಿದ್ದಾನೆ ಎಂಬ ಪ್ರಶ್ನೆ ಅವರ ತಲೆಯಲ್ಲಿ ಉಳಿಯಿತು. ಆ ಪ್ರಶ್ನೆಗೆ ಉತ್ತರವಾಗಿ ಹೆಂಡತಿ ಲಾರಾ ಜೊತೆ ಸೇರಿ ಸ್ಟ್ರಾಡ್ ಎಂಬ ಖಳನಾಯಕನನ್ನು ಸೃಷ್ಟಿಸಿದರು. 1983ರಲ್ಲಿ ಪ್ರಕಟವಾದ ಆ ಕಥೆಯನ್ನು ಇಂದಿಗೂ ಆಡುತ್ತಾರಂತೆ. ಕೇಳಿ ನನಗೆ ಸಂತೋಷವಾಯಿತು. ಯಾಕಿದ್ದಾನೆ, ಏನು ಬೇಕು ಎಂದು ಕೇಳದೆ ಕೆಡುಕನನ್ನು ಅರ್ಥಮಾಡಿಕೊಳ್ಳಲಾಗದು ಎಂಬುದು ಮದ್ರಸದ ಪಾಠವೂ ಹೌದು.

ಫಿರ್‌ಔನನನ್ನೇ ನೋಡಿ. ಅವನ ಕಥೆಯನ್ನು ಆಟಕ್ಕೆ ಕೊಡುವ ಮಾತೇ ಇಲ್ಲ. ಆದರೆ ಮಗನಿಗೆ ತಿಳಿದಿರಬೇಕೆಂದು ಹೇಳಿದೆ. ಫಿರ್‌ಔನನಿಗೆ ಸ್ವತಃ ಮಾಟ ಬರುತ್ತಿರಲಿಲ್ಲ. ಊರೂರಿನಿಂದ ಮಾಟಗಾರರನ್ನು ಕರೆಸಿದ. ಅವರು ಮೊದಲು ಕೇಳಿದ್ದು ಕೂಲಿ. ಅವನಿಗಿದ್ದದ್ದು ಹೆದರಿಕೆ, ಅದನ್ನೇ ಜನರಿಗೂ ಹಂಚಿದ: ಈ ಮೂಸಾ ನಿಮ್ಮನ್ನು ನಿಮ್ಮ ನೆಲದಿಂದ ಓಡಿಸಲು ಬಂದಿದ್ದಾನೆ ಎಂದ. ಮಾಟಗಾರರು ಹಗ್ಗ, ಕೋಲು ಎಸೆದಾಗ ಅವು ನಿಜಕ್ಕೂ ಹಾವಾದವು ಎಂದು ಕುರ್‌ಆನ್ ಹೇಳುವುದಿಲ್ಲ. ಜನರ ಕಣ್ಣಿಗೆ ಮಂಕು ಕವಿಯಿತು, ಹರಿದಾಡುವಂತೆ ಕಂಡಿತು, ಜನ ಭಯಗೊಂಡರು ಎನ್ನುತ್ತದೆ. ಮೂಸಾ(ಅ)ರ ಕೋಲು ಅದನ್ನೆಲ್ಲ ನುಂಗಿದಾಗ ಮೊದಲು ಸತ್ಯವನ್ನು ಗುರುತಿಸಿದವರು ಆ ಮಾಟಗಾರರೇ. ಕೈಚಳಕ ಯಾವುದು, ಅಲ್ಲಾಹನ ಮಹಿಮೆ ಯಾವುದು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು? ಕೈಕಾಲು ಕಡಿಸುತ್ತೇನೆಂದರೂ ಅವರು ಜಗ್ಗಲಿಲ್ಲ. ಸೋತ ಫಿರ್‌ಔನ ಇದೆಲ್ಲ ಒಳಸಂಚು ಎಂದ. ಮೂಸಾ(ಅ) ಬೆಳೆದದ್ದು ಅವನ ಅರಮನೆಯಲ್ಲೇ, ಅವನ ಹೆಂಡತಿ ಆಸಿಯಾ(ರ) ವಿಶ್ವಾಸವಿಟ್ಟದ್ದೂ ಅವನ ಮನೆಯೊಳಗೇ.

ಬಾಬಿಲ್‌ನ ಹಾರೂತ್ ಮಾರೂತ್ ಪ್ರಸಂಗವನ್ನೂ ಹೇಳಿದೆ. ಅಲ್ಲಿ ಜನ ಕಲಿತದ್ದು ಗಂಡ ಹೆಂಡಿರನ್ನು ಅಗಲಿಸುವ ವಿದ್ಯೆ. ಬೆಟ್ಟ ಉರುಳಿಸುವುದಲ್ಲ, ಸಮುದ್ರ ಸೀಳುವುದಲ್ಲ. ಒಂದು ಮನೆಯೊಳಗೆ ಮಾತು ನಿಲ್ಲಿಸುವುದು. ಅಲ್ಲಾಹನ ಅನುಮತಿಯಿಲ್ಲದೆ ಅದರಿಂದ ಯಾರಿಗೂ ಹಾನಿ ಮಾಡಲಾರರು ಎಂದೂ ಅಲ್ಲೇ ಇದೆ.

ಕೊನೆಗೆ ಸಾಮಿರಿ. ಮೂಸಾ(ಅ) ಬೆಟ್ಟಕ್ಕೆ ಹೋಗಿದ್ದಾಗ ಜನರ ಒಡವೆಗಳನ್ನೆಲ್ಲ ಕರಗಿಸಿ ದನಿಗೈಯುವ ಕರುವನ್ನು ಮಾಡಿ, ಇದೇ ನಿಮ್ಮ ದೇವರು ಎಂದವನು. ನಾನಾ ಹೇಳುತ್ತಿದ್ದ ಅಫ್ರಾಸಿಯಾಬನ ಗ್ರಂಥವಿದೆಯಲ್ಲ, ಅದರ ಹೆಸರೂ ಸಾಮರಿಯ ಗ್ರಂಥವೆಂದೇ. ದಾಸ್ತಾನ್ ಬರೆದವರು ಆ ಹೆಸರನ್ನು ಎಲ್ಲಿಂದ ಎತ್ತಿಕೊಂಡರೆಂದು ಹೇಳಬೇಕಾಗಿಲ್ಲ.

“ಒಡವೆ ಯಾಕೆ ಕೊಟ್ಟರು ಅಮ್ಮಿ? ಅಷ್ಟು ಬೇಗ ನಂಬಿಬಿಟ್ಟರಾ?” ಎಂದ.

ಒಲೆಯ ಮೇಲಿದ್ದ ಹಾಲನ್ನು ಇಳಿಸುವ ನೆಪದಲ್ಲಿ ಎದ್ದು ಹೋದೆ.

ಆ ಪ್ರಶ್ನೆಯನ್ನು ನನ್ನ ಶಿಷ್ಯೆಯರು ಕೇಳಿದ್ದರೆ ವಿವರಣೆ ಕೊಟ್ಟುಬಿಡುತ್ತಿದ್ದೆ. ಇವನಿಗೆ ಹೇಗೆ ಕೊಡಲಿ? ಇವನಿಗಾಗಿಯೇ ನಾನು ಒಡವೆ ಕೊಟ್ಟವಳು. ಒಂಬತ್ತು ವರ್ಷಗಳ ಹಿಂದೆ, ಇವನಿಗೆ ಏಳು ವರ್ಷವಿದ್ದಾಗ, ರಾತ್ರಿ ಎರಡು ಗಂಟೆಗೆ ಚೀರುತ್ತಾ ಏಳುತ್ತಿದ್ದ. ಕಣ್ಣು ತೆರೆದಿರುತ್ತಿತ್ತು, ನಮ್ಮನ್ನು ಗುರುತಿಸುತ್ತಿರಲಿಲ್ಲ. ಬೆಳಿಗ್ಗೆ ಏನೂ ನೆನಪಿರುತ್ತಿರಲಿಲ್ಲ. ಡಾಕ್ಟರು ಪರೀಕ್ಷಿಸಿ, ಕೆಲವು ಮಕ್ಕಳಲ್ಲಿ ಹೀಗಾಗುತ್ತದೆ, ಬೆಳೆದಂತೆ ಹೋಗುತ್ತದೆ, ಹೆದರಬೇಡಿ ಎಂದಿದ್ದರು. ಅಷ್ಟರಲ್ಲಿ ಅಕ್ಕಪಕ್ಕದವರು ಒಬ್ಬ ಆಮಿಲ್‌ನ ಹೆಸರು ಹೇಳಿದರು. ಆ ವಾರ ನಾನು ತರಗತಿಯಲ್ಲಿ ಕಲಿಸುತ್ತಿದ್ದದ್ದು ಸೂರಃ ತಾಹಾ. ಮಾಟಗಾರರ ಹಗ್ಗದ ವಾಕ್ಯಗಳನ್ನು ಬೆಳಿಗ್ಗೆ ವಿವರಿಸಿ, ಮಧ್ಯಾಹ್ನ ಬುರ್ಖಾ ಹಾಕಿಕೊಂಡು ಅವನ ಪರದೆಯ ಮುಂದೆ ಹೋಗಿ ಕುಳಿತೆ.

ಅವನು ಮಗುವಿನ ಹೆಸರನ್ನೂ ನನ್ನ ಹೆಸರನ್ನೂ ಕೇಳಿದ. ಒಂದು ಕೋಳಿಮೊಟ್ಟೆಯನ್ನು ನನ್ನ ದುಪಟ್ಟಾಕ್ಕೆ ಸವರಿ ಒಡೆದ. ಒಳಗಿಂದ ಕೂದಲು, ಎರಡು ತುಕ್ಕು ಹಿಡಿದ ಸೂಜಿ ಬಂದವು. ಯಾರೋ ಹತ್ತಿರದವರೇ ಮಾಡಿಸಿದ್ದಾರೆ ಎಂದ. ಅಂದಿನಿಂದ ನನ್ನ ನಾದಿನಿಯ ಮುಖ ನೋಡುವಾಗೆಲ್ಲ ಆ ಸೂಜಿಗಳೇ ಕಾಣುತ್ತಿದ್ದವು. ಎರಡನೆಯ ಸಲ ಹೋದಾಗ ಏಳು ಗಂಟಿನ ಕಪ್ಪು ದಾರ ಕೊಟ್ಟ. ಗಂಟುಗಳಿಗೆ ಊದುವವರ ಕೇಡಿನಿಂದ ರಕ್ಷಣೆ ಬೇಡುವ ಅಧ್ಯಾಯವನ್ನು ಹನ್ನೆರಡು ವರ್ಷದಲ್ಲೇ ಬಾಯಿಪಾಠ ಮಾಡಿದವಳು ನಾನು. ಅವನು ಊದಿದ ಗಂಟನ್ನು ಮಗನ ಕೈಗೆ ಕಟ್ಟಿದೆ. ಮೂರನೆಯ ಸಲ, ಮನೆಯ ಚಿನ್ನವನ್ನು ಬಟ್ಟೆಯಲ್ಲಿ ಕಟ್ಟಿ ಓದಿಸಬೇಕು, ನಲವತ್ತು ದಿನ ಅಕ್ಕಿಡಬ್ಬಿಯಲ್ಲಿ ಇಡಬೇಕು, ತೆರೆಯಬಾರದು ಎಂದ. ಅಮ್ಮಿ ನನ್ನ ನಿಕಾಹ್‌ಗೆ ಹಾಕಿದ್ದ ಎರಡು ಬಳೆಗಳನ್ನು ಕೊಟ್ಟೆ. ನನ್ನ ಕಣ್ಣೆದುರಿಗೇ ಕಟ್ಟಿದ, ಓದಿದ, ಗಂಟನ್ನು ನನ್ನ ಕೈಗೇ ಕೊಟ್ಟ. “ಯಾರಿಗೂ ಹೇಳಬೇಡ. ಹೇಳಿದರೆ ಅದು ಮಗುವಿಗೇ ತಿರುಗುತ್ತದೆ” ಎಂದ.

ನಲವತ್ತನೆಯ ದಿನ ತೆರೆದೆ. ಗಾಜಿನ ಬಳೆಯ ಚೂರುಗಳು, ಒಂದು ಹಿತ್ತಾಳೆಯ ಬೀಗ. ಓಡಿಹೋದೆ. ಆ ಕೋಣೆಯಲ್ಲಿ ಬೇರೆ ಬಾಡಿಗೆದಾರರಿದ್ದರು. ಮನೆಯವರಿಗೆ, ಮಾರ್ಕೆಟ್ ಬಸ್ಸಿನಲ್ಲಿ ಬಳೆ ಕಳೆದುಹೋಯಿತು ಎಂದೆ. ಅವರು ಬೈಯಲಿಲ್ಲ, ನನ್ನನ್ನು ಕರೆದುಕೊಂಡು ಹೋಗಿ ಡಿಪೋದಲ್ಲಿ ವಿಚಾರಿಸಿ ಬಂದರು. ಮಗನ ಚೀರಾಟ ಒಂದು ವರ್ಷದಲ್ಲಿ, ಡಾಕ್ಟರು ಹೇಳಿದಂತೆ, ತಾನಾಗಿ ನಿಂತಿತು.

ಇಂಥ ವಂಚನೆಗಳನ್ನು ತಡೆಯಲು ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾನೂನು ಮಾಡಿದರು, 2020ರಲ್ಲಿ ಅದು ಜಾರಿಗೆ ಬಂತು. ಆದರೆ ದೂರು ಕೊಡಲು ಬಾಯಿ ತೆರೆಯಬೇಕಲ್ಲ? ಅವನ ಮೊಟ್ಟೆಯ ಸೂಜಿ ಕೈಚಳಕ. ಗಂಟು ಬದಲಿಸಿದ್ದೂ ಕೈಚಳಕ. ನನ್ನ ಮೇಲೆ ನಿಜವಾಗಿ ಹಿಡಿದದ್ದು ಆ ಕೊನೆಯ ಮಾತು. ಬಳೆ ಹೋದದ್ದು ಗೊತ್ತಾದ ಮೇಲೂ, ಅವನು ಕಳ್ಳನೆಂದು ಗೊತ್ತಾದ ಮೇಲೂ ಒಂಬತ್ತು ವರ್ಷ ನನ್ನ ಬಾಯಿ ಕಟ್ಟಿಯೇ ಇತ್ತು. ಮೊದಮೊದಲು ಮಗುವಿಗೆ ಏನಾದರೂ ಆದೀತೆಂಬ ಭಯ, ಆಮೇಲೆ ನಾಚಿಕೆ.

ಹಾಲು ಇಳಿಸಿ ಬಂದೆ. ಮಗ ಪೆನ್ನು ಹಿಡಿದು ಕಾಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ಏನೂ ಬರೆದುಕೊಳ್ಳಲಿಲ್ಲ. ತನ್ನ ಎಡಗೈಯ ಮಣಿಕಟ್ಟು ಸವರಿಕೊಂಡು, “ಆ ಕಪ್ಪು ದಾರ ನನಗೆ ನೆನಪಿದೆ” ಎಂದ. ಸ್ವಲ್ಪ ಹೊತ್ತಾದ ಮೇಲೆ, “ಅಬ್ಬಾಗೆ?” ಎಂದ. ಇಲ್ಲವೆಂದು ತಲೆಯಾಡಿಸಿದೆ.

ಈದ್ ಕಳೆದ ಎರಡನೆಯ ಭಾನುವಾರ ಆಟ ನಮ್ಮ ಮನೆಯಲ್ಲಿ ನಡೆಯಿತು. ಮಗನೇ ಕರೆದಿದ್ದ. ನಾಲ್ವರು ಹುಡುಗರು, ಮಲ್ಲೇಶ್ವರದಿಂದ ಬಂದ ಒಬ್ಬ ಹುಡುಗಿ. ಮನೆಯವರು ಮೂಲೆಯ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದರು. ನಾನು ಅಡುಗೆ ಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದೆ. ಕೊಂಬಿನ ಕಿರೀಟದವನು ಮಾಯವಾಗಿದ್ದ. ಈಗಿನ ಖಳನಾಯಕ ಸಂತೆಯ ಪಕ್ಕದ ಓಣಿಯಲ್ಲಿ ಪರದೆಯ ಹಿಂದೆ ಕೂರುವ ಸಾಧಾರಣ ಮುದುಕ. ಆಯಸ್ಸಿನ ಅಂಕೆ ಬರೀ ನಾಲ್ಕು, ಒಂದು ಏಟಿಗೆ ಸಾಯುವವನು. ಊರಿನ ರಾಜ ಅವನ ಮಾತು ಕೇಳುತ್ತಾನೆ, ಸೇನಾಪತಿ ಅವನ ಕಾಲಿಗೆ ಬೀಳುತ್ತಾನೆ. ಯಾಕೆಂದು ಯಾರಿಗೂ ತಿಳಿಯದು. ಆಡುವವರು ಬಂದಾಗ ಮಗ ಒಬ್ಬೊಬ್ಬರನ್ನೇ ಪಡಸಾಲೆಯಿಂದ ಓಣಿಗೆ ಕರೆದೊಯ್ದು, ಕಿವಿಯಲ್ಲಿ ಏನೋ ಹೇಳಿ, ಅವರ ಪಾತ್ರಕ್ಕೆ ಅತ್ಯಂತ ಪ್ರಿಯವಾದ ಒಂದು ವಸ್ತುವನ್ನು ಬರೆಸಿಕೊಂಡು ಕಳಿಸಿದ. ಹಿಂದಿರುಗಿ ಬಂದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡು ಗಂಟೆ ಹೀಗೆ ನಡೆಯಿತು. ಬೆಂಕಿ ಎಸೆಯುವವನಿದ್ದ, ಕತ್ತಿ ಬೀಸುವವನಿದ್ದ, ಬೀಗ ಮುರಿಯುವ ಕಳ್ಳನಿದ್ದ. ಆದರೆ ಆ ಮುದುಕನ ಮೇಲೆ ಕೈಯೆತ್ತಲು ಯಾರೂ ಮುಂದಾಗಲಿಲ್ಲ. ‘ನಿನಗೇನು ಹೇಳಿದ?’ ಎಂದು ಒಬ್ಬ ಕೇಳಿದರೆ ಇನ್ನೊಬ್ಬ ‘ಏನಿಲ್ಲ’ ಎನ್ನುತ್ತಾನೆ. ಕಳ್ಳನ ಪಾತ್ರದ ಹುಡುಗ ತನ್ನ ಸ್ನೇಹಿತನೇ ದ್ರೋಹಿಯೆಂದು ಅನುಮಾನಿಸತೊಡಗಿದ. ಅಸರ್ ನಮಾಝ್ ಮಾಡಿ ಬಂದು ನೋಡಿದರೆ ಮಕ್ಕಳ ಮುಖಗಳಲ್ಲಿ ನಗುವಿರಲಿಲ್ಲ. ಸಮೋಸಾ ತಟ್ಟೆಯಲ್ಲಿ ಹಾಗೇ ಆರಿತ್ತು.

ಕೊನೆಗೆ ಆ ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. “ನಾನು ಹೇಳಿಬಿಡ್ತೀನಿ. ನಾನು ಬಾಯಿಬಿಟ್ಟರೆ ನಿಮ್ಮಲ್ಲಿ ಒಬ್ಬರು ಸಾಯ್ತೀರಂತೆ. ಅದಕ್ಕೇ ಸುಮ್ಮನಿದ್ದೆ” ಎಂದಳು. ಮೇಜಿನ ಸುತ್ತ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ, “ನನಗೂ ಅದನ್ನೇ ಹೇಳಿದ!”, “ನನಗೂ!” ಎಂದು ಕಿರುಚಿದರು. ಮಗ ಡಬ್ಬಿಯಿಂದ ಚೀಟಿ ಎತ್ತಲು ಕೂಡ ಹೇಳಲಿಲ್ಲ. “ಪರದೆ ಬಿತ್ತು. ಹಿಂದೆ ಯಾರೂ ಇಲ್ಲ” ಎಂದ.

“ನಮ್ಮ ಸಾಮಾನು?” ಎಂದ ಕಳ್ಳನ ಪಾತ್ರದವನು.

“ಮಾರಿಬಿಟ್ಟಿದ್ದಾನೆ. ಗಂಟಿನಲ್ಲಿ ಗಾಜಿನ ಚೂರು ಇದೆ. ಮತ್ತೆ ಒಂದು ಹಿತ್ತಾಳೆ ಬೀಗ.”

ಮೂಲೆಯಲ್ಲಿ ಪತ್ರಿಕೆಯ ಪುಟ ತಿರುಗುವ ಸದ್ದು ನಿಂತಿತು.

ಮಗ್ರಿಬ್‌ಗೆ ಮೊದಲು ಮಕ್ಕಳು ಹೊರಟರು. ಮನೆಯವರು ಪತ್ರಿಕೆ ಮಡಚಿಟ್ಟು, “ಆ ಬೀಗ ನಮ್ಮ ಅಲಮಾರಿಯಲ್ಲಿ ಎಷ್ಟೋ ವರ್ಷದಿಂದ ಬಿದ್ದಿದೆ. ಯಾವುದರದ್ದೆಂದು ಕೇಳಬೇಕೆಂದಿದ್ದೆ” ಎಂದರು. ಮಗ ಚೀಟಿ ಡಬ್ಬಿ ಎತ್ತಿಕೊಂಡು ಮೆಲ್ಲಗೆ ಒಳಗೆ ಹೋದ. ನಾನು ಅವರೆದುರು ಕುಳಿತು, ಮೊಟ್ಟೆಯಿಂದ ಶುರು ಮಾಡಿದೆ.